ಶರಣರ ಮನೆತನದಲ್ಲಿ ಬಂಧುಧರ್ಮ

ಮನೆಯೆಂಬುದು ಗೋಡೆ ಮಾಡುಗಳಿಂದ ಆಗತಕ್ಕ ವಸ್ತುವಲ್ಲವೆಂದು ಹಿರಿಯರು ಹೇಳುವರು. ಒಂದೇ ಮಾಡಿನ ಕೆಳಗೆ ವಾಸಿಸುವ ಅಜ್ಜ, ಅಜ್ಜಿ, ತಂದೆ, ತಾಯಿ, ಮಗ, ಸೊಸೆ, ಮೊಮ್ಮಕ್ಕಳೆಂಬ ಇವರಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರಿಂದ ಯಾರಿಗೆ ಏನು ಸಲ್ಲಬೇಕು ಎಂಬ ತಿಳಿವಳಿಕೆಯೇ ಮನೆಯ ತೊಲೆ ಕಂಬಗಳು. ಈ ತಿಳಿವಳಿಕೆಯು ಪ್ರತಿಯೊಂದು ಜನಾಂಗದಲ್ಲಿಯೂ ಮೊದಲು ಮಾತಿನ ರೂಪದಲ್ಲಿ, ಎಂದರೆ ಬಂಧುಗಳನ್ನು ಕರೆಯುವ ಹೆಸರುಗಳ ರೂಪದಲ್ಲಿ, ನೆಲೆಗೊಂಡಿರುತ್ತದೆ. ಕೂಸು ಮೊದಲು ಕಲಿಯುವ ಶಾಸ್ತ್ರವು ಇದೇ ಆಗಿದೆ. ಈ ಶಾಸ್ತ್ರವು ಕನ್ನಡ ನಾಡಿನ ಲಿಂಗವಂತ ಮನೆತನಗಳಲ್ಲಿ ಯಾವ ರೀತಿಯಿಂದ ಬೆಳೆದುಬಂದಿತು, ಶರಣರು ಅದಕ್ಕೆ ಕೊಟ್ಟ ಹೊಸ ಅರ್ಥವೇನು, ಇಂದಿನ ಮನೆಗಳಲ್ಲಿ ಅದು ಯಾವ ಪರೀಕ್ಷೆಗೆ ಒಳಗಾಗಿದೆ ಎಂಬುದನ್ನು ವಿಚಾರಿಸುವುದು ಈ ಮಹೋತ್ಸವದ ಸಂದರ್ಭಕ್ಕೆ ಉಚಿತವೇ ಸರಿ.

ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯಂತಹ ಒಂದು ಗ್ರಾಮವನ್ನು ಮೊದಲು ಉದಾಹರಣೆಗೆ ತೆಗೆದುಕೊಳ್ಳಬಹುದು. ಉತ್ತರ ಪಿನಾಕಿನಿಯು ಹರಿಯುವ ಈ ಸೀಮೆಯು ಹಿಂದೆ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಾಗ ಆ ಜಿಲ್ಲೆಗೆ ಸೇರಿತು. ಕನ್ನಡ ತೆಲುಗುಗಳೆರಡೂ ಇಲ್ಲಿ ಒಂದೇ ಅಂಗಳದಲ್ಲಿ ಬೆಳೆದ ಅಕ್ಕತಂಗಿಯರಂತೆ ಇವೆ. ಗ್ರಾಮದ ಹೆಸರಿನ ಕೊನೆಯಲ್ಲಿರುವ ಕುಂಟೆಯೆಂಬ ಮಾತು ಸಣ್ಣ ಕೆರೆಯನ್ನು ಹೇಳುತ್ತದೆ. ಕನ್ನಡಿಗನಿಗೆ ಅದು ಕುಂಟೆಯಾದರೆ ತೆಲುಗನಿಗೆ ಕುಂಟ. ಬಂಧುಗಳ ಹೆಸರುಗಳೂ ಇದೇ ಮೇರೆಗೆ ಅಕ್ಕಪಕ್ಕದಲ್ಲಿ ನಡೆಯುತ್ತವೆ. ಒಬ್ಬನು ಮಾವನೆಂದರೆ ಇನ್ನೊಬ್ಬನು ಮಾಮ ಎನ್ನುವನು. ಅತ್ತೆಯು ಅತ್ತ ಆಗುವಳು. ಭಾವನು ಬಾವ ಆಗುವನು. ಅಳಿಯನು ಅಲ್ಲುಡು ಆಗುವನು. ದೊಡ್ಡಮ್ಮನು ಪೆದ್ದಮ್ಮ ಆಗುವಳು. ತಾತನಂತೂ ಎರಡು ಭಾಷೆಗಳಿಗೂ ತಾತನೇ. ಶಬ್ದವು ಬೇರೆಯಾದರೂ ಅದರ ಹಿಂದೆ ಇರುವ ಮನೆಯ ಲೆಕ್ಕವು ಒಂದೇ ಆಗಿದೆ.

ಆ ಲೆಕ್ಕವೇನೆಂದರೆ: ತಂದೆಯ ಅಣ್ಣತಮ್ಮಂದಿರು ದೊಡ್ಡಪ್ಪ ಚಿಕ್ಕಪ್ಪಂದಿರು, ಅಂದರೆ ಅವರೂ ಅಪ್ಪಂದಿರೇ. ತಾಯಿಯ ಅಕ್ಕತಂಗಿಯರು ದೊಡ್ಡಮ್ಮ ಚಿಕ್ಕಮ್ಮಂದಿರು, ಅವರೂ ಅಮ್ಮಂದಿರೇ. ಆದುದರಿಂದ ಅವರ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರು. ಆದರೆ ತಾಯಿಯ ಅಣ್ಣತಮ್ಮಂದಿರು ಸೋದರಮಾವಂದಿರು. ತಂದೆಯ ಅಕ್ಕತಂಗಿಯರು ಸೋದರತ್ತೆಯರು. ಗಂಡನ ಅಥವಾ ಹೆಂಡತಿಯ ತಂದೆಗೂ ಮಾವನೆಂಬ ಹೆಸರೇ ಸಲ್ಲುವುದು, ಅವರ ತಾಯಿಗೂ ಅತ್ತೆಯೆಂಬ ಹೆಸರೇ ಸಲ್ಲುವುದು. ಅಕ್ಕತಂಗಿಯರ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. ಸೋದರಿಕೆಯ ಮದುವೆಗಳು ರೂಢಿಯಲ್ಲಿದ್ದ ನಾಡಿನಲ್ಲಿ ಹುಟ್ಟಿದ ಮಾತುಗಳಿವು. ಅಮೇರಿಕಾ ದೇಶದ ವಿದ್ವಾಂಸನಾದ ಲೂಯಿಸ್ ಹೆನ್ರಿ ಮಾರ್ಗನ್ನನು 1871ರಲ್ಲಿ ಪ್ರಪಂಚದ ಅನೇಕ ಜನಾಂಗಗಳ ಬಂಧುವಾಚಕಗಳನ್ನು ಕೂಡಿಸಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ತಮಿಳು ತೆಲುಗುಗಳೊಡನೆ ಕನ್ನಡದ ಪಟ್ಟಿಯನ್ನೂ ಸೇರಿಸಿ, ಈ ಲೆಕ್ಕದ ಕ್ರಮಬದ್ಧತೆಯನ್ನು ಕಂಡು ವಿಸ್ಮಯಪಟ್ಟನು. ತರುವಾಯ 1953ರಲ್ಲಿ ಇರಾವತಿ ಕರ್ವೆಯವರು ಭಾರತದ ಬಂಧುವ್ಯವಸ್ಥೆಯನ್ನು ಕುರಿತು ಬರೆದ ಗ್ರಂಥದಲ್ಲಿ ಉತ್ತರದೇಶಕ್ಕೂ ದಕ್ಷಿಣದೇಶಕ್ಕೂ ಇರುವ ಭೇದವನ್ನು ವಿಶದಪಡಿಸಿದರು. ಉತ್ತರದಲ್ಲಿ ಮದುವೆಯಾದ ಹೆಣ್ಣು ಅಪರಿಚಿತರ ಮನೆಗೆ ಹೋಗುವಳು. ದಕ್ಷಿಣದಲ್ಲಿಯಾದರೋ ಆಕೆಯು ಹೋಗಿ ಸೇರುವ ಮನೆಯ ಅತ್ತೆಯು ಅನೇಕ ವೇಳೆ ಆಕೆಯನ್ನು ಎತ್ತಿ ಆಡಿಸಿದ ಸೋದರತ್ತೆಯೇ ಆಗಿರುವಳು.

ಇಂತಹ ಸಂಬಂಧಗಳಲ್ಲಿ ರಕ್ತಸಾಮೀಪ್ಯದಿಂದ ಸಂತಾನಕ್ಕೆ ಕೆಲವು ರೋಗಗಳ ಭಯವು ಹೆಚ್ಚುವುದೆಂದು ಇಂದಿನ ವೈದ್ಯಶಾಸ್ತ್ರವು ತಿಳಿಸುತ್ತದೆ. ಆ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದು ವಿವೇಕಿಗಳ ಲಕ್ಷಣವು. ಮದುವೆಯ ರೂಢಿಯು ಬದಲಾದರೂ ಆ ಹೆಸರುಗಳಲ್ಲಿ ಅಡಗಿರುವ ಧರ್ಮವು ಬದಲಾಗಬೇಕಾದ ಕಾರಣವಿಲ್ಲ. ಸೊಸೆಯನ್ನು ಕರೆತಂದ ಮನೆಯ ಹಿರಿಯರಿಗೆ ಆಕೆಯ ಮೇಲೆ ಸೋದರಮಾವ ಸೋದರತ್ತೆಯರ ವಾತ್ಸಲ್ಯವಿರಬೇಕೆಂಬುದೇ ಆ ಧರ್ಮ.

ಇದೇ ಸೀಮೆಯಲ್ಲಿರುವ ವಿದುರಾಶ್ವತ್ಥ ಕ್ಷೇತ್ರವು ಬಂಧುಧರ್ಮದ ಇನ್ನೊಂದು ಮುಖವನ್ನು ನೆನಪಿಗೆ ತರುತ್ತದೆ. 1938ನೆಯ ಇಸವಿ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿ ಅನೇಕರು ಪ್ರಾಣ ನೀಗಿದ ಸ್ಥಳವೆಂದು ಅದು ದೇಶಕ್ಕೆಲ್ಲ ಪ್ರಸಿದ್ಧವಾಯಿತು. ಅದಕ್ಕೂ ಬಹಳ ಹಿಂದಿನಿಂದ ಸಂತಾನಾಪೇಕ್ಷಿಗಳಾದ ದಂಪತಿಗಳು ಅಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠಿಸುತ್ತ ಬಂದಿದ್ದು, ಅವುಗಳ ಸಾಲುಗಳನ್ನು ಇಂದಿಗೂ ನೋಡಬಹುದು. ಅಲ್ಲಿ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಸ್ಥಳದ ಐತಿಹ್ಯ. ಆ ಮಹಾವೃಕ್ಷವು 2001ರಲ್ಲಿ ಉರುಳಿತು, ಐತಿಹ್ಯವು ಉಳಿದಿದೆ. ವಿದುರನು ಧೃತರಾಷ್ಟ್ರನಿಗೂ ಪಾಂಡುವಿಗೂ ತಮ್ಮನು. ಕೌರವರಿಗೂ ಪಾಂಡವರಿಗೂ ಚಿಕ್ಕಪ್ಪನು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದನೆಂಬ ಕಾರಣದಿಂದ ಅವನಿಗೆ ರಾಜ್ಯದಲ್ಲಿ ಪಾಲು ದೊರೆಯಲಿಲ್ಲ. ಆದರೂ ಆ ಮನೆಯಲ್ಲಿ ಹಿರಿಯರಿಗೆ ಕಿರಿಯರ ತಪ್ಪನ್ನು ತೋರಿಸಿದವನೂ, ಕಿರಿಯರ ಪ್ರಾಣವನ್ನು ಉಳಿಸಿದವನೂ ಅವನೇ. ಜನ್ಮದಿಂದ ಬಂದ ಸ್ಥಾನವೊಂದು, ನಡತೆಯಿಂದ ದೊರೆತ ಸ್ಥಾನವೊಂದು ಎಂಬ ಈ ಭೇದವನ್ನು ಪುರಾಣವು ಕಥೆಯಾಗಿ ಹೇಳಿತು. ಹನ್ನೆರಡನೆಯ ಶತಮಾನದ ಶರಣರು ಅದನ್ನು ತಮ್ಮ ಮನೆಯಲ್ಲಿಯೇ ಆಚರಣೆಗೆ ತಂದರು.

ಬಸವಣ್ಣನವರ ಮನೆತನವನ್ನು ತಿಳಿಯಲು ಮೂರು ಬಗೆಯ ಸಾಕ್ಷ್ಯಗಳಿವೆ. ಮೊದಲನೆಯದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ, 1260ನೆಯ ಇಸವಿಯ ಶಿಲಾಶಾಸನವು. ಅದರಲ್ಲಿ ಬಸವಣ್ಣನವರು ಬಾಗೇವಾಡಿಯ ಮಾದಿರಾಜನ ಮಗನೆಂದು ಸ್ಪಷ್ಟವಾಗಿ ಹೇಳಿದೆ. ಮೇಲಾಗಿ ಅವರಿಗೆ ದೇವರಾಜನೆಂಬ ಅಣ್ಣನೊಬ್ಬನು ಇದ್ದನೆಂಬುದೂ, ಆ ಅಣ್ಣನ ಪೀಳಿಗೆಯಲ್ಲಿ ಬಂದ ಹಾಲಬಸವಿದೇವನೆಂಬ ಶಿವಭಕ್ತನಿಗೆ ದಾನವು ಸಂದಿತೆಂಬುದೂ ಅದರಿಂದ ತಿಳಿದುಬರುವುದು. ಎರಡನೆಯದು ಹಂಪೆಯ ಹರಿಹರನ ಬಸವರಾಜದೇವರ ರಗಳೆಯು. ಅದರ ಪ್ರಕಾರ ತಂದೆತಾಯಿಗಳು ಬೇಗನೆ ಶಿವಾಧೀನರಾಗಲು, ಬಾಲಕನನ್ನು ಸಾಕಿ ಬೆಳೆಸಿದವಳು ಮನೆಯ ಮುತ್ತಜ್ಜಿ. ಮೂರನೆಯದು ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು. ಇದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದನು. ಇದರಲ್ಲಿ ತಂದೆಯು ಜೀವಿಸಿರುವಾಗಲೇ ಬಾಲಕನು ಉಪನಯನವನ್ನು ಒಲ್ಲದೆ ವಾದಿಸಿ ಮನೆಯನ್ನು ಬಿಡುವನು. ಅಕ್ಕ ನಾಗಮ್ಮನು ಅವನಿಗೆ ಆಸರೆಯಾಗುವಳು. ಸೋದರಮಾವನಾದ ಬಲದೇವ ದಂಡನಾಯಕನು ತನ್ನ ಮಗಳು ಗಂಗಾಂಬಿಕೆಯನ್ನು ಕೊಟ್ಟು ಮದುವೆ ಮಾಡುವನು. ಕನ್ನಡ ತೆಲುಗುಗಳೆರಡನ್ನೂ ಬಲ್ಲ ಗೌರಿಬಿದನೂರು ಸೀಮೆಯ ಭಕ್ತರಿಗೆ ಈ ಎರಡು ಪುರಾಣಗಳೂ ತಮ್ಮವೇ ಆಗಿವೆ.

ಮೂರು ಸಾಕ್ಷ್ಯಗಳು ಎಲ್ಲ ವಿವರಗಳಲ್ಲಿಯೂ ಒಂದಕ್ಕೊಂದು ಹೊಂದುವುದಿಲ್ಲ. ಶಾಸನವು ಹೇಳುವ ಅಣ್ಣನು ಪುರಾಣಗಳಲ್ಲಿ ಪ್ರಸಿದ್ಧನಲ್ಲ. ರಗಳೆಯು ಹೇಳುವ ಮುತ್ತಜ್ಜಿಯ ಸ್ಥಾನದಲ್ಲಿ ಪುರಾಣವು ಅಕ್ಕನನ್ನು ನಿಲ್ಲಿಸುತ್ತದೆ. ಶಾಸನವು ದಾನವು ಯಾರಿಗೆ ಸಲ್ಲುವುದೆಂದು ಸ್ಥಿರಪಡಿಸುವುದಕ್ಕಾಗಿ ಬರೆದುದಾದ್ದರಿಂದ ಗಂಡುಮಕ್ಕಳ ಪರಂಪರೆಯನ್ನು ಹಿಡಿದು ನಡೆಯಿತು. ಕವಿಗಳಾದರೋ ಒಬ್ಬ ಮಹಾಪುರುಷನನ್ನು ಯಾರು ಸಾಕಿದರು, ಯಾರು ನಂಬಿದರು ಎಂಬುದನ್ನು ಹುಡುಕಿದರು; ಆದುದರಿಂದ ಅವರಿಗೆ ಕಂಡವರು ಹೆಂಗಸರು. ಪ್ರತಿಯೊಂದು ಮನೆತನದ ಚರಿತ್ರೆಗೂ ಈ ಮಾತು ಅನ್ವಯಿಸುತ್ತದೆ. ಹೊಲದ ಪತ್ರಗಳನ್ನು ಓದಿದರೆ ಅಪ್ಪ ಮಕ್ಕಳ ಹೆಸರುಗಳೇ ದೊರೆಯುವುವು. ಯಾರ ಕೈ ತುತ್ತಿನಿಂದ ಆ ಮಕ್ಕಳು ಬದುಕಿದರೆಂಬುದನ್ನು ತಿಳಿಯಬೇಕಾದರೆ ಮನೆಯ ಹಿರಿಯ ಹೆಂಗಸರ ಬಾಯಿಂದಲೇ ಕೇಳಬೇಕು. ಎರಡನ್ನೂ ಕೂಡಿಸಿದರೆ ಮಾತ್ರ ಮನೆತನದ ಚರಿತ್ರೆಯು ಪೂರ್ಣವಾಗುವುದು.

ಶರಣರ ಮನೆಯ ಬಾಂಧವ್ಯಕ್ಕೆ ನಾಲ್ಕನೆಯದಾದ ಇನ್ನೊಂದು ಸಾಕ್ಷ್ಯವಿದೆ. ಅದು ಅವರ ವಚನಗಳ ಅಂಕಿತವು. ಬಸವಣ್ಣನವರ ಅಂಕಿತವು ಕೂಡಲಸಂಗಮದೇವ. ಅಳಿಯ ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ಪತ್ನಿ ಗಂಗಾಂಬಿಕೆಯವರದು ಗಂಗಾಪ್ರಿಯ ಕೂಡಲಸಂಗಮದೇವ. ನೀಲಾಂಬಿಕೆಯವರು ಸಂಗಯ್ಯನೆಂದು ಕರೆದರು. ಅಕ್ಕನಾಗಮ್ಮನವರ ಅಂಕಿತವು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಒಂದೇ ಮನೆಯ ಐವರು ಒಬ್ಬನೇ ಸಂಗಮನಾಥನನ್ನು ತಮ್ಮ ತಮ್ಮ ಮಾತಿನಲ್ಲಿ ಕರೆದಿರುವರು. ಇವುಗಳಲ್ಲಿ ನಾಗಮ್ಮನವರ ಅಂಕಿತವು ವಿಶೇಷವಾಗಿ ಗಮನಿಸತಕ್ಕುದು. ಲೋಕರೂಢಿಯಂತೆ ತಮ್ಮನು ಅಕ್ಕನ ಹೆಸರನ್ನು ಗೌರವದಿಂದ ಹೇಳಬೇಕು. ಇಲ್ಲಿ ಅಕ್ಕನೇ ತಮ್ಮನ ಹೆಸರನ್ನು ದೇವರ ಹೆಸರಿನೊಡನೆ ಕೂಡಿಸಿರುವಳು. ತಾನು ಎತ್ತಿ ಬೆಳೆಸಿದ ಕೂಸಿನಲ್ಲಿ ಗುರುವನ್ನು ಕಾಣುವ ಮನಸ್ಸು ಅವಳಿಗಿತ್ತು. ಇಷ್ಟಾದರೂ ಆಕೆಯ ಹಿರಿತನಕ್ಕೆ ಲೋಪ ಬರಲಿಲ್ಲ; ಶರಣಸಂತತಿಯೆಲ್ಲವೂ ಎಂಟು ನೂರು ವರ್ಷಗಳಿಂದ ಅವಳನ್ನು ಅಕ್ಕನೆಂದೇ ಕರೆಯುತ್ತ ಬಂದಿದೆ.

ಮಾವ ಅಳಿಯಂದಿರ ಸಂಬಂಧವೂ ಹೀಗೆಯೇ. ಚೆನ್ನಬಸವಣ್ಣನವರು ನಾಗಮ್ಮನವರ ಮಗನಾದುದರಿಂದ ಬಸವಣ್ಣನವರಿಗೆ ಸೋದರಳಿಯರು, ವಯಸ್ಸಿನಲ್ಲಿ ಬಹಳ ಕಿರಿಯರು. ಆದರೂ ಷಟ್‌ಸ್ಥಲಜ್ಞಾನದಲ್ಲಿ ಅವರೇ ಹಿರಿಯರೆಂದು ಅನುಭವಮಂಟಪದ ಶರಣರು ಒಪ್ಪಿದರು. ಶೂನ್ಯಸಂಪಾದನೆಯಲ್ಲಿ ಬರುವ ಒಂದು ಪ್ರಸಂಗವು ಇದಕ್ಕೆ ಸಾಕ್ಷಿ. ಪ್ರಭುದೇವರು ಸಿದ್ಧರಾಮೇಶ್ವರರೊಡನೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಾಗ, ಬಸವಣ್ಣನವರು ಲಿಂಗಪೂಜೆಯಲ್ಲಿ ತೊಡಗಿ ಒಳಗೇ ಉಳಿದರು. ಬಾಗಿಲಿಗೆ ಬಂದ ಜಂಗಮವನ್ನು ಬಿಟ್ಟು ಒಳಗೆ ಮಾಡುವ ಪೂಜೆಯು ಯಾವುದೆಂದು ಮಾವನನ್ನು ಎಚ್ಚರಿಸಿದವರು ಚೆನ್ನಬಸವಣ್ಣನವರು. ಕಲ್ಯಾಣದ ಭಂಡಾರಿಯಾಗಿ, ಮನೆಯ ಯಜಮಾನನಾಗಿ, ತಾಯಿಯ ತಮ್ಮನಾಗಿ ಇದ್ದ ಮಾವನಿಗೆ ಅಳಿಯನು ತಪ್ಪನ್ನು ತೋರಿಸುವುದು ಸಣ್ಣ ಮಾತಲ್ಲ. ಅದನ್ನು ಮಾವನು ಕೇಳಿ ನಡೆದುದು ಅದಕ್ಕಿಂತ ದೊಡ್ಡ ಮಾತು. ಅಳಿಯನು ಹೇಳಿದುದರಲ್ಲಿ ಅವಿನಯವಿರಲಿಲ್ಲ, ಮಾವನು ಕೇಳಿದುದರಲ್ಲಿ ಅಪಮಾನವಿರಲಿಲ್ಲ. ಹಿರಿತನವು ವಯಸ್ಸಿನಿಂದ ಬರುವುದು, ಅರಿವು ಯಾರಲ್ಲಿ ಬೇಕಾದರೂ ತೋರುವುದು. ಎರಡಕ್ಕೂ ಮನೆಯಲ್ಲಿ ಸ್ಥಾನವಿರಬೇಕು ಎಂಬುದನ್ನು ಆ ಮನೆಯು ನಡೆದು ತೋರಿಸಿತು. ಉಡುತಡಿಯ ಮಹಾದೇವಿಯವರು ಚಿಕ್ಕ ವಯಸ್ಸಿನಲ್ಲಿ ಕಲ್ಯಾಣಕ್ಕೆ ಬಂದರೂ ನರೆಗೂದಲಿನ ಶರಣರು ಅವರನ್ನು ಅಕ್ಕನೆಂದು ಕರೆದುದಕ್ಕೂ ಇದೇ ಕಾರಣವು.

ಇಲ್ಲಿ ಒಂದು ಸಂದೇಹವು ಸಹಜವಾಗಿ ಹುಟ್ಟುವುದು. ದೀಕ್ಷೆಯನ್ನು ಪಡೆದವನು ಗುರುಕರಜಾತನು, ಅಂದರೆ ಗುರುವಿನ ಹಸ್ತದಿಂದ ಹುಟ್ಟಿದವನು. ಅವನಿಗೆ ಗುರುವೇ ತಂದೆತಾಯಿಗಳು ಎಂದು ವೀರಶೈವ ಶಾಸ್ತ್ರವು ಹೇಳುವುದು. ಬಸವಣ್ಣನವರಂತೂ ತಮ್ಮ ವಚನದಲ್ಲಿ ತಂದೆಯ ಸ್ಥಾನವನ್ನು ಮಾದಾರ ಚೆನ್ನಯ್ಯನಿಗೂ, ಹಿರಿಯರ ಸ್ಥಾನವನ್ನು ಡೋಹಾರ ಕಕ್ಕಯ್ಯನಿಗೂ, ಅಣ್ಣನ ಸ್ಥಾನವನ್ನು ಕಿನ್ನರಿ ಬೊಮ್ಮಯ್ಯನಿಗೂ ಕೊಟ್ಟಿರುವರು. ಹಾಗಾದರೆ ಹೆತ್ತವರ ಸಂಬಂಧ, ಒಡಹುಟ್ಟಿದವರ ಸಂಬಂಧ ಇವೆಲ್ಲವೂ ಶರಣನಿಗೆ ಬಿಡತಕ್ಕವುಗಳೇ ಎಂದು ಕೆಲವರು ಕೇಳುವರು.

ಬಸವಣ್ಣನವರ ಜೀವನವನ್ನೇ ನೋಡಿದರೆ ಈ ಸಂದೇಹವು ಪರಿಹಾರವಾಗುವುದು. ಅವರು ತ್ಯಜಿಸಿದುದು ಕುಲದ ಅಹಂಕಾರವನ್ನು, ಕುಲದವರನ್ನಲ್ಲ. ಅಕ್ಕನು ಅವರ ಮಹಾಮನೆಯಲ್ಲಿಯೇ ಇದ್ದಳು, ಅಳಿಯನು ಅಲ್ಲಿಯೇ ಬೆಳೆದನು, ಪತ್ನಿಯರು ದಾಸೋಹವನ್ನು ನಡೆಯಿಸಿದರು. ಇತ್ತ ಚಮ್ಮಾರರ ಮನೆಯ ಶರಣನನ್ನು ಅಪ್ಪನೆಂದು ಕರೆದ ಮಾತಿನಿಂದ ಅಪ್ಪನೆಂಬ ಶಬ್ದವು ಬರಿದಾಗಲಿಲ್ಲ; ಅದರ ಬೆಲೆಯು ಹೆಚ್ಚಿತು. ತನ್ನ ಮನೆಯ ಅಪ್ಪನನ್ನು ಗೌರವಿಸಲು ಕಲಿತವನಿಗಲ್ಲವೇ ಇನ್ನೊಬ್ಬ ಹಿರಿಯನನ್ನು ಅಪ್ಪನೆಂದು ಕರೆಯುವ ಮಾತಿನ ಭಾರವು ಗೊತ್ತಾಗುವುದು? ರಕ್ತದ ಬಂಧುತ್ವವನ್ನು ಅಳಿಸದೆ ಅದರ ಮೇರೆಯನ್ನು ವಿಸ್ತರಿಸಿದುದೇ ಶರಣಧರ್ಮದ ವಿಶೇಷವು. ಕನ್ನಡಿಗರು ದಾರಿಯಲ್ಲಿ ಕಂಡ ಅಪರಿಚಿತರನ್ನೂ ಅಣ್ಣ, ಅಕ್ಕ, ತಾತ, ತಾಯಿ ಎಂದು ಕರೆಯುವ ರೂಢಿಯಲ್ಲಿ ಈ ವಿಸ್ತಾರದ ನೆರಳಿದೆ.

ಲಿಂಗದೀಕ್ಷೆಯು ಮನೆಯೊಳಗಿನ ತಾರತಮ್ಯವನ್ನು ಇನ್ನೊಂದು ವಿಧದಿಂದಲೂ ಕಡಿಮೆಮಾಡಿತು. ಇಷ್ಟಲಿಂಗವು ಗಂಡಸಿಗೆ ಎಷ್ಟೋ ಹೆಂಗಸಿಗೂ ಅಷ್ಟೇ. ಅಜ್ಜನಿಗೆ ಎಷ್ಟೋ ತೊಟ್ಟಿಲ ಕೂಸಿಗೂ ಅಷ್ಟೇ. ಲಿಂಗಾಂಗಿಗೆ ಸೂತಕವಿಲ್ಲವೆಂದು ಸಾರಿದುದರಿಂದ ಬಾಣಂತಿಯೂ ಪೂಜೆಗೆ ದೂರಳಾಗಲಿಲ್ಲ. ಗಂಡನ ತಪ್ಪನ್ನು ಹೆಂಡತಿಯು ತಿದ್ದಬಹುದೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವೇ ದೃಷ್ಟಾಂತ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಬೇಕಾದುದಕ್ಕಿಂತ ಹೆಚ್ಚಾದುದು ಆಸೆಯ ಫಲವೆಂದು ತಿಳಿದ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಆಕೆಯ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದಿದ ಬಾಯಿಯೇ ಗಂಡನ ಹೆಸರನ್ನು ದೇವರ ಹೆಸರಿನೊಡನೆ ಸೇರಿಸಿ ಹಾಡಿತು. ಪ್ರೀತಿಯೂ ನ್ಯಾಯವೂ ಒಂದೇ ಮನೆಯಲ್ಲಿ ಹೇಗೆ ಇರಬಲ್ಲವೆಂಬುದು ಇದರಿಂದ ವಿದಿತವಾಗುವುದು.

1167ರ ಸುಮಾರಿನಲ್ಲಿ ಕಲ್ಯಾಣದಲ್ಲಿ ಕೋಲಾಹಲವು ಎದ್ದಾಗ ಈ ಮಹಾಮನೆಯು ಚೆದರಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿಯೂ, ಗಂಗಾಂಬಿಕೆಯವರು ಮಲಪ್ರಭಾತೀರದ ಮುಗುಟಖಾನ ಹುಬ್ಬಳ್ಳಿಯಲ್ಲಿಯೂ, ಚೆನ್ನಬಸವಣ್ಣನವರು ಉಳವಿಯಲ್ಲಿಯೂ ಐಕ್ಯರಾದರೆಂದು ಸಂಪ್ರದಾಯವಿದೆ. ಒಂದೇ ಒಲೆಯ ಅನ್ನವನ್ನು ಉಂಡವರ ಸಮಾಧಿಗಳು ನಾಲ್ಕು ದಿಕ್ಕಿನಲ್ಲಿ ಇರುವುವು. ಆದರೂ ಸಾವಿರಾರು ವಚನಗಳ ಕಟ್ಟುಗಳು ಆ ಗೊಂದಲದಲ್ಲಿ ನಾಶವಾಗದೆ ಉಳಿದುವು. ವಚನಗಳನ್ನು ಹೊತ್ತು ಉಳವಿಯ ಕಡೆಗೆ ನಡೆದ ಶರಣರಿಗೆ ಮುಂದಾಳುಗಳಾದವರು ನಾಗಮ್ಮನವರೂ ಚೆನ್ನಬಸವಣ್ಣನವರೂ ಎಂದು ಪರಂಪರೆಯು ಹೇಳುವುದು. ತಮ್ಮನ ಮಾತನ್ನು ಅಕ್ಕನೂ, ಮಾವನ ಮಾತನ್ನು ಅಳಿಯನೂ ಕಾಪಾಡಿದರು. ಆ ವಚನಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ತಾಳೆಗರಿಯಲ್ಲಿ ಉಳಿದು, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಮುದ್ರಿಸಿದ ಬಳಿಕ ಲೋಕಕ್ಕೆಲ್ಲ ದೊರೆತುವು. ಪೀಳಿಗೆಯಿಂದ ಪೀಳಿಗೆಗೆ ಸಲ್ಲಬೇಕಾದ ಆಸ್ತಿಯಲ್ಲಿ ಹೊಲ ಮನೆಗಳಿಗಿಂತ ಮೇಲಾದುದೊಂದು ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಶರಣಧರ್ಮವನ್ನು ಅವಲಂಬಿಸಿದ ಅರಸುಮನೆತನಗಳಲ್ಲಿಯೂ ಬಂಧುಧರ್ಮದ ಪರೀಕ್ಷೆಗಳು ನಡೆದುವು. ಕೆಳದಿಯ ಹಿರಿಯ ವೆಂಕಟಪ್ಪನಾಯಕನ ಮಗನು ತಂದೆಗಿಂತ ಮೊದಲೇ ತೀರಿಕೊಂಡುದರಿಂದ 1629ರಲ್ಲಿ ಮೊಮ್ಮಗನಾದ ವೀರಭದ್ರನಾಯಕನು ಪಟ್ಟವೇರಿದನು. ತರುವಾಯ ಸೋಮಶೇಖರನಾಯಕನು ಮಕ್ಕಳಿಲ್ಲದೆ ಕೊಲೆಗೀಡಾಗಲು, ಅವನ ರಾಣಿ ಚೆನ್ನಮ್ಮಾಜಿಯು 1671ರಿಂದ 1697ರ ವರೆಗೆ ರಾಜ್ಯವನ್ನು ಆಳಿದಳು. ಶಿವಾಜಿಯ ಮಗ ರಾಜಾರಾಮನು ಮೊಗಲರಿಗೆ ಸಿಕ್ಕದೆ ಬಂದಾಗ ಅವನಿಗೆ ಆಶ್ರಯ ಕೊಟ್ಟು ದಾಟಿಸಿದವಳು ಈಕೆಯೇ. ಅರಸುಮನೆಯ ರಕ್ತವಿಲ್ಲದ ಬಾಲಕನೊಬ್ಬನನ್ನು ದತ್ತುಮಗನಾಗಿ ಸ್ವೀಕರಿಸಿ, ರಾಜ್ಯಕ್ಕೆ ತಕ್ಕವನನ್ನಾಗಿ ಬೆಳೆಸಿ, ಅವನಿಗೆ ಪಟ್ಟವನ್ನು ಬಿಟ್ಟುಕೊಟ್ಟಳು. ಆ ಬಸಪ್ಪನಾಯಕನೇ 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಕೋಶವನ್ನು ರಚಿಸಿದನು. ಒಂಬತ್ತು ಕಲ್ಲೋಲಗಳಲ್ಲಿ ನೂರೆಂಟು ತರಂಗಗಳಿರುವ ಆ ಗ್ರಂಥವು, ಮಗನಾದ ಸೋಮಶೇಖರನು ಕೇಳಿದ ಪ್ರಶ್ನೆಗಳಿಗೆ ತಂದೆಯು ಉತ್ತರ ಹೇಳಿದಂತೆ ರಚಿತವಾಗಿದೆ. ಸಾಕುತಾಯಿಯಿಂದ ಪಡೆದ ವಾತ್ಸಲ್ಯವು ಸಾಕುಮಗನ ಕೈಯಲ್ಲಿ ವಿದ್ಯೆಯಾಗಿ ಹೆತ್ತ ಮಗನಿಗೆ ಸಂದಿತು. ಆ ಮೊಮ್ಮಗನಿಗೆ ಸಾಕಜ್ಜಿಯ ಪತಿಯ ಹೆಸರನ್ನೇ ಇಟ್ಟುದನ್ನೂ ಇಲ್ಲಿ ನೆನೆಯಬೇಕು. ದತ್ತುಸಂಬಂಧವು ಕಾಗದದ ಸಂಬಂಧವಲ್ಲವೆಂಬುದು ಆ ಒಂದು ಹೆಸರಿನಿಂದಲೇ ತಿಳಿಯುವುದು.

ಕಿತ್ತೂರಿನ ರಾಣಿ ಚೆನ್ನಮ್ಮನ ಕಥೆಯು ಇದಕ್ಕೆ ವಿರುದ್ಧವಾದ ಫಲವನ್ನು ಕಂಡಿತು. ಮಲ್ಲಸರ್ಜನ ಹಿರಿಯ ರಾಣಿಯ ಮಗನು 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಅವನಿಗಾಗಿ ಮಾಡಿಕೊಂಡ ದತ್ತುವನ್ನು ಕುಂಪಣಿ ಸರ್ಕಾರವು ಒಪ್ಪಲಿಲ್ಲ. ಮಲತಾಯಿಯಾದ ಚೆನ್ನಮ್ಮನು ಮಲಮಗನ ದತ್ತುಮಗನಿಗಾಗಿ ಕತ್ತಿ ಹಿಡಿದಳು. ಅದೇ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯು ಮಡಿದನು. ಮುಂದೆ ಸೆರೆಯಾದ ರಾಣಿಯು 1829ರಲ್ಲಿ ಬೈಲಹೊಂಗಲದಲ್ಲಿ ಲಿಂಗೈಕ್ಯಳಾದಳು. ಮಲತಾಯಿಯೆಂಬ ಹೆಸರನ್ನು ಕಥೆಗಳಲ್ಲಿ ಕ್ರೌರ್ಯಕ್ಕೆ ಪರ್ಯಾಯವಾಗಿ ಬಳಸುವವರು ಈ ಚರಿತ್ರೆಯನ್ನು ಸ್ಮರಿಸುವುದು ಯುಕ್ತವು.

ಅರಮನೆಗಳ ಮಾತು ಅತ್ತಿರಲಿ. ರೈತಾಪಿ ಮನೆಗಳಲ್ಲಿ ಬಂಧುಧರ್ಮವು ಕೆಡುವುದು ಹೆಚ್ಚಾಗಿ ಪಾಲಿನ ಕಾಲದಲ್ಲಿ. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಂಡರೂ ಕುಂಟೆಯನ್ನು ಹಂಚಿಕೊಳ್ಳಲಾಗದು. ನೀರಿಗಾಗಿ ಮತ್ತೆ ಒಂದೇ ತೂಬಿನ ಬಳಿಗೆ ಬರಲೇಬೇಕು. ಬಾಂಧವ್ಯವೂ ಹಾಗೆಯೇ. ಆದರೆ ಹಿಂದಿನ ಕಾಲದಲ್ಲಿ ಈ ಪಾಲಿನ ಮಾತಿನಲ್ಲಿ ಅಕ್ಕತಂಗಿಯರ ಹೆಸರೇ ಏಳುತ್ತಿರಲಿಲ್ಲ. ಇಷ್ಟಲಿಂಗದಲ್ಲಿ ಸಮಪಾಲು ಕೊಟ್ಟ ಧರ್ಮದವರು ಹೊಲದಲ್ಲಿ ಪಾಲು ಕೊಡಲಿಲ್ಲವೆಂಬುದನ್ನು ಮರೆಮಾಡಬೇಕಾಗಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ಅವಿಭಕ್ತ ಕುಟುಂಬದ ಪಾಲಿನಲ್ಲಿ ತಾಯಿ, ವಿಧವೆ, ಅವಿವಾಹಿತ ಮಗಳು ಮೊದಲಾದವರಿಗೂ ಅಂಶವನ್ನು ಕೊಟ್ಟಿತು. ಗೌರಿಬಿದನೂರು ಸೀಮೆಯು ಆಗ ಮೈಸೂರಿಗೆ ಸೇರಿದ್ದುದರಿಂದ ಇಲ್ಲಿಯ ಮನೆಗಳಿಗೂ ಅದು ಅನ್ವಯಿಸಿತು. 1956ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆಯು ದೇಶಕ್ಕೆಲ್ಲ ಬಂದಿತು. ಕರ್ನಾಟಕವು ಆ ಕಾಯಿದೆಗೆ ಮಾಡಿದ ತಿದ್ದುಪಡಿಯ ಮೂಲಕ 1994ನೆಯ ಇಸವಿ ಜುಲೈ 30ರಿಂದ ಮಗಳನ್ನು ಮಗನಂತೆಯೇ ಪಿತ್ರಾರ್ಜಿತ ಸ್ವತ್ತಿನ ಸಹಭಾಗಿಯನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನು ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ತಿದ್ದುಪಡಿಯ ದಿನದಂದು ತಂದೆಯು ಜೀವಿಸಿರಬೇಕೆಂಬ ನಿಯಮವಿಲ್ಲವೆಂದೂ 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ಕಾನೂನು ಹೀಗಿದ್ದರೂ ಅನೇಕ ಮನೆಗಳಲ್ಲಿ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅಕ್ಕತಂಗಿಯರು ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕುವರು. ಅವರಾಗಿಯೇ ಸಂತೋಷದಿಂದ ಬಿಟ್ಟರೆ ಅದು ತ್ಯಾಗ. ಬಂದು ಹೋಗುವ ದಾರಿಯನ್ನು ಮುಚ್ಚುವೆವೆಂದು ಹೆದರಿಸಿ ಪಡೆದರೆ ಅದು ಸಂಬಂಧದ ಮಾರಾಟ. ನಾಗಮ್ಮನವರನ್ನು ಅಕ್ಕನೆಂದು ಪೂಜಿಸುವ ಭಕ್ತನು ಸ್ವಂತ ಅಕ್ಕನ ಪಾಲಿನ ಮಾತು ಬಂದಾಗ ಮುಖ ತಿರುಗಿಸುವುದು ಶೋಭಿಸದು.

ಪಾಲಿನಂತೆಯೇ ಮುಪ್ಪಿನ ಪೋಷಣೆಯೂ ಇಂದು ಪರೀಕ್ಷೆಯಾಗಿದೆ. ಕುಡುಮಲಕುಂಟೆಯ ಬಳಿ ಕೈಗಾರಿಕಾ ಪ್ರದೇಶವು ಬಂದಿದೆ. ಬೆಂಗಳೂರು ಹಿಂದೂಪುರಗಳ ದಾರಿಯು ಹತ್ತಿರವಾಗಿದೆ. ರಾಗಿ ಹೊಲದಲ್ಲಿ ಅಪ್ಪನ ಹಿಂದೆ ನಡೆಯುತ್ತಿದ್ದ ಮಗನು ಈಗ ಪಾಳಿಯ ಕೆಲಸಕ್ಕೆ ಹೋಗುವನು, ಇಲ್ಲವೆ ಬೆಂಗಳೂರಿನಲ್ಲಿ ಮನೆ ಮಾಡುವನು. ಸೊಸೆಯೂ ದುಡಿಯುವಳು. ಇದರಲ್ಲಿ ದೋಷವೇನೂ ಇಲ್ಲ. ಕಾಯಕವೇ ಕೈಲಾಸವೆಂದ ಧರ್ಮದವರಿಗೆ ದುಡಿಮೆಯು ಪೂಜೆಯೇ. ಆದರೆ ಊರಲ್ಲಿ ಉಳಿದ ತಾತ ಅಜ್ಜಿಯರಿಗೆ ಮೊಮ್ಮಕ್ಕಳ ಮಾತು ದೂರವಾಣಿಯಲ್ಲಿ ಮಾತ್ರ ಕೇಳುವುದು. ಮಕ್ಕಳಿಗೂ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎಂಬ ಭೇದಗಳೆಲ್ಲವೂ ಅಂಕಲ್ ಆಂಟಿ ಎಂಬ ಎರಡೇ ಮಾತುಗಳಲ್ಲಿ ಕಲಸಿಹೋಗುತ್ತಿವೆ. ಹೆಸರು ಹೋದರೆ ಅದರೊಡನೆ ಇದ್ದ ಹೊಣೆಯೂ ಹೋಗುವುದು. ಸೋದರಮಾವನೆಂದು ತಿಳಿದವನಿಗೆ ತಂದೆಯಿಲ್ಲದ ಅಳಿಯನ ವಿದ್ಯೆಯು ತನ್ನ ಭಾರವೆಂದು ಗೊತ್ತಿರುವುದು. ಅಂಕಲ್ ಎಂಬವನಿಗೆ ಅಂತಹ ಭಾರವೇನೂ ತಿಳಿಯದು.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆಯೇ ಬರಬೇಕಾಯಿತು. ಮಗ ಮಗಳು ಮಾತ್ರವಲ್ಲದೆ ಪ್ರಾಪ್ತವಯಸ್ಕರಾದ ಮೊಮ್ಮಗ ಮೊಮ್ಮಗಳಿಗೂ ಅದು ಹ�ೊಣೆಯನ್ನು ಹೊರಿಸಿದೆ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಸ್ವತ್ತನ್ನು ಬರೆಯಿಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳುವ ಅಧಿಕಾರವನ್ನೂ ಹಿರಿಯರಿಗೆ ಕೊಟ್ಟಿದೆ. ನೊಂದ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಅಹವಾಲನ್ನು ಹೇಳಿಕೊಳ್ಳಬಹುದು. ಕಾಯಿದೆಯು ಅನ್ನವನ್ನು ಕೊಡಿಸಬಲ್ಲುದು. ಪಕ್ಕದಲ್ಲಿ ಕುಳಿತು ಉಣ್ಣಲು ಯಾರನ್ನೂ ಕಳುಹಿಸಲಾರದು. ಆ ಕೆಲಸವು ಧರ್ಮದ್ದು.

ಈ ಸಂದರ್ಭದಲ್ಲಿ ಹಿರಿಯರ ಕಡೆಯ ಹೊಣೆಯನ್ನೂ ಹೇಳಬೇಕು. ಕಿರಿಯರು ಕೇಳಬೇಕೆಂದು ಬಯಸುವ ಹಿರಿಯರು ಕಿರಿಯರಿಂದ ಕೇಳಲೂ ಕಲಿಯಬೇಕು. ಮಾವನಾದ ಬಸವಣ್ಣನವರು ಅಳಿಯನ ಮಾತಿಗೆ ಎದ್ದು ಬಾಗಿಲಿಗೆ ಬರದಿದ್ದರೆ ಪ್ರಭುವು ತಿರುಗಿ ಹೋಗುತ್ತಿದ್ದನು. ಓದಿದ ಸೊಸೆಯ ಮಾತಿನಲ್ಲಿ, ಹೊರಗಿನ ಲೋಕವನ್ನು ಕಂಡ ಮೊಮ್ಮಗಳ ಮಾತಿನಲ್ಲಿ ಅರಿವು ಇದ್ದರೆ ಅದಕ್ಕೆ ತಲೆಬಾಗುವುದರಿಂದ ಅಜ್ಜನ ಹಿರಿತನವು ಕುಂದುವುದಿಲ್ಲ. ಕಿರಿಯರಾದರೋ ಚೆನ್ನಬಸವಣ್ಣನವರಂತೆ ಹೇಳಬೇಕಾದುದನ್ನು ಹೇಳಿದ ಬಳಿಕವೂ ಹಿರಿಯರ ಸೇವೆಯಲ್ಲಿ ಉಳಿಯಬೇಕು, ಅವರು ಬಿಟ್ಟುಹೋದುದನ್ನು ಹೊತ್ತು ನಡೆಯಬೇಕು.

ಮಠಕ್ಕೂ ಮನೆಗೂ ಇರುವ ಸಂಬಂಧವು ಇದೇ ಬಂಧುಧರ್ಮದ ಇನ್ನೊಂದು ಶಾಖೆಯಾಗಿದೆ. ಅಜ್ಜನಿಗೆ ದೀಕ್ಷೆಯಿತ್ತ ಪೀಠವು ಮೊಮ್ಮಗನಿಗೂ ದೀಕ್ಷೆಯನ್ನು ಕೊಡುವುದು. ಹಿರಿಯ ಗುರುವು ಲಿಂಗೈಕ್ಯನಾದರೆ ಅವನ ಕರಜಾತನಾದ ಚರಮೂರ್ತಿಯು ಪೀಠವನ್ನು ಏರುವನು. ಇತ್ತ ಭಕ್ತನ ಮನೆಯಲ್ಲಿಯೂ ತಂದೆಯ ಸ್ಥಾನಕ್ಕೆ ಮಗನು ಬರುವನು. ಎರಡು ಪರಂಪರೆಗಳೂ ಒಂದರ ಪಕ್ಕದಲ್ಲಿ ಒಂದು ಹರಿಯುತ್ತಿರುವುವು. ಭಕ್ತರ ಮನೆಗಳಲ್ಲಿ ಮುತ್ತಜ್ಜ ಮುತ್ತಜ್ಜಿಯರಿಂದ ಮೊದಲುಗೊಂಡು ಮರಿಮಕ್ಕಳವರೆಗಿನ ಹೆಸರುಗಳನ್ನು, ಹೆಣ್ಣುಮಕ್ಕಳ ಹೆಸರುಗಳನ್ನು ಬಿಡದೆ, ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯು ಈ ಮಹೋತ್ಸವದ ವರ್ಷದಿಂದ ಆರಂಭವಾದರೆ ಅದು ದೊಡ್ಡ ಸೇವೆಯಾಗುವುದು. ತಾತನು ಹೇಳಲಿ, ಮೊಮ್ಮಗಳು ಬರೆಯಲಿ. ಬರೆಯುವಾಗ ಯಾರು ಯಾರಿಗೆ ಏನಾಗಬೇಕೆಂಬುದನ್ನು ಅಂಕಲ್ ಆಂಟಿಗಳೆಂದು ಬರೆಯದೆ ಮನೆಯ ಮಾತಿನಲ್ಲಿಯೇ ಬರೆಯಲಿ. ಅದು ಕನ್ನಡವಾಗಲಿ ತೆಲುಗಾಗಲಿ ಬಾಧಕವಿಲ್ಲ.

ಅಕ್ಕನ ವಾತ್ಸಲ್ಯ, ಮಾವನ ವಿನಯ, ಅಳಿಯನ ಅರಿವು, ಸತಿಯ ನ್ಯಾಯನಿಷ್ಠುರತೆ ಇವು ಮಹಾಮನೆಯನ್ನು ಕಟ್ಟಿದ ಕಂಬಗಳು. ಅವು ಭಕ್ತರ ಮನೆಮನೆಗಳಲ್ಲಿಯೂ ನೆಲೆಗೊಳ್ಳುವಂತೆ ಶ್ರೀಗುರುವು ಕರುಣಿಸಲಿ.